ನಲವತ್ತೊಂದನೆಯ ಡಬ್ಬಿಯ ತೊಗರಿ

ಹೈದರಾಬಾದ್ ಸಂಸ್ಥಾನದ ಪಂಚಾಂಗದಂತೆ ಫಸಲಿ ೧೩೪೪, ಅಮರ್ದಾದ್ ತಿಂಗಳ ಹತ್ತನೆಯ ತಾರೀಖು, ಬೆಳಿಗ್ಗೆ ಎಂಟು ಗಂಟೆ. ಹಿಂದಿನ ದಿನ ಮುಂಗಾರಿನ ಮೊದಲ ಹದ ಮಳೆ ಬಿದ್ದು ಕಲಬುರಗಿಯ ಠಾಣೆಯ ಅಂಗಳದ ಎರೆಮಣ್ಣು ಬೂಟಿಗೆ ಸೇರುಗಟ್ಟಲೆ ಅಂಟುತ್ತಿತ್ತು. ಆ ಕೆಸರಿನಲ್ಲೇ ಜಹೀರುದ್ದೀನ್ ಸಾಹೇಬರು ಒಂದು ತಗಡಿನ ಡಬ್ಬಿಯನ್ನು ಎದೆಗೆ ಅವಚಿಕೊಂಡು ಬಂದರು. ಊರ ಹೊರಗಿನ ಸರ್ಕಾರಿ ಬೀಜದ ತೋಟಕ್ಕೆ ಅವರೇ ಮುಖ್ಯಸ್ಥರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ತೊಗರಿ ಕಳುವಾಗಿದೆ, ರಪಟು ಬರೆದುಕೊಳ್ಳಿ ಅಂದರು.

ಠಾಣೆಯ ಮುಖ್ಯಾಧಿಕಾರಿ, ಅಮೀನ ಅಣವೀರಪ್ಪನಿಗೆ ಮೊದಲು ಬಂದದ್ದು ನಗೆ. ಊರಲ್ಲಿ ದನ ಕಳುವಾಗುತ್ತಿದ್ದವು, ಬಂಗಾರ ಕಳುವಾಗುತ್ತಿತ್ತು. ಹತ್ತು ಹೆಜ್ಜೆ ನಡೆದರೆ ಗಂಜಿನ ಪೇಟೆಯಲ್ಲಿ ತೊಗರಿ ಚೀಲಗಟ್ಟಲೆ ಬಿದ್ದಿರುವಾಗ, ಒಂದು ಡಬ್ಬಿ ತೊಗರಿಗೆ ಎಫ್‌ಐಆರ್ ಬರೆದರೆ ಮೇಲಿನವರು ಏನಂದಾರು? ಬಾಗಿಲಲ್ಲಿದ್ದ ಜವಾನ ವಹಾಬ್ ಆಗಲೇ ಮೀಸೆಯೊಳಗೆ ನಗುತ್ತಿದ್ದ. ಆದರೆ ಎದುರಿಗಿದ್ದ ಮನುಷ್ಯ ಡಬ್ಬಿಯ ಮೇಲಿಂದ ಕೈ ತೆಗೆದಿರಲಿಲ್ಲ. ಅಣವೀರಪ್ಪ ಕುರ್ಚಿ ತೋರಿಸಿ, ಕುಡಿಯಲು ನೀರು ತರಿಸಿದ.

ಜಹೀರುದ್ದೀನರ ತೋಟದ ಬಗ್ಗೆ ಊರಿನವರು ಆಡಿಕೊಳ್ಳುವುದು ಅಮೀನನಿಗೂ ಗೊತ್ತಿತ್ತು. ಆರು ವರ್ಷದಿಂದ ಅವರು ಹಳ್ಳಿ ಹಳ್ಳಿ ಸುತ್ತಿ, ಕಂಡ ಕಂಡ ಮನೆಯ ತೊಗರಿಬೀಜ ಬೇಡಿ ತಂದು, ಒಂದೊಂದು ಊರಿನ ಬೀಜಕ್ಕೆ ಒಂದೊಂದು ಡಬ್ಬಿ ಮಾಡಿ ನಂಬರು ಹಚ್ಚಿದ್ದರು. ಬೀಜ ಡಬ್ಬಿಯಲ್ಲೇ ಕೂತರೆ ಸಾಯುತ್ತದೆ. ಆದ್ದರಿಂದ ಮೂರು ವರ್ಷಕ್ಕೊಮ್ಮೆ ಪ್ರತಿಯೊಂದನ್ನೂ ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕು. ಜೇನುಹುಳ ಒಂದು ಸಾಲಿನ ಹೂವಿನ ಪರಾಗವನ್ನು ಇನ್ನೊಂದಕ್ಕೆ ಒಯ್ದು ಕುಲ ಕೆಡಿಸುತ್ತದೆಂದು ಹೂಗೊಂಚಲಿಗೆಲ್ಲ ಮಲ್‌ಮಲ್ ಬಟ್ಟೆಯ ಚೀಲ ಕಟ್ಟಿಸುತ್ತಿದ್ದರು. ಹೂವಿಗೂ ಗೋಷಾದ ಮುಸುಕು ಹಾಕಿಸುವ ಸಾಹೇಬ ಎಂದು ಗಂಜಿನ ಹಮಾಲರು ಚೇಷ್ಟೆ ಮಾಡುತ್ತಿದ್ದರು.

ಈಗ ಆ ಸಾಹೇಬರು ಹೇಳಿದ ಮಾತು ಚೇಷ್ಟೆಯದಾಗಿರಲಿಲ್ಲ. ನಾಲ್ಕೈದು ವರ್ಷದಿಂದ ಜಿಲ್ಲೆಯ ತೊಗರಿಗೆ ನೆಟೆ ರೋಗ ಹತ್ತಿತ್ತು. ಹೂ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತಿತ್ತು, ಹೊಲಕ್ಕೆ ಹೊಲವೇ ಹೋಗುತ್ತಿತ್ತು. ಜಹೀರುದ್ದೀನರು ರೋಗ ಹತ್ತಿದ ಮಣ್ಣಿನಲ್ಲೇ ತಮ್ಮ ಡಬ್ಬಿಗಳ ಬೀಜವನ್ನೆಲ್ಲ ಒಂದೊಂದು ಸಾಲು ಬಿತ್ತಿ ನೋಡಿದ್ದರು. ಎಲ್ಲವೂ ಸತ್ತು ಒಂದೇ ಸಾಲು ನಿಂತಿತು. ಅದು ಕಮಲಾಪುರದಿಂದ ಬಂದ ನಲವತ್ತೊಂದನೆಯ ನಂಬರು. ಆ ಸಾಲಿನಿಂದ ಸಿಕ್ಕಿದ್ದು ಐದು ಬೊಗಸೆಗೆ ತುಸು ಹೆಚ್ಚು ಬೀಜ. ಈ ಮಳೆಗೆ ಅದನ್ನು ಬಿತ್ತಿ ಹೆಚ್ಚಿಸಿ, ಬರುವ ವರ್ಷದಿಂದ ಹಳ್ಳಿಗಳಿಗೆ ಹಂಚುವುದೆಂದು ಹೈದರಾಬಾದಿನಿಂದ ಹುಕುಂ ಬಂದಿತ್ತು. ನಿನ್ನೆ ಮಳೆ ನಿಂತ ಮೇಲೆ ಅರಗಿನ ಮುದ್ರೆ ಒಡೆದು ಒಳಗಿನ ಚೀಲ ಹಿಸುಕಿ ನೋಡಿದರೆ ಬೀಜದ ಬದಲು ಮರಳು.

ಅಣವೀರಪ್ಪ ಎಫ್‌ಐಆರ್ ಬರೆದ. ಡಬ್ಬಿಯನ್ನು ಇದ್ದಲ್ಲೇ ಬಿಡದೆ ಹೊತ್ತು ತಂದದ್ದಕ್ಕೆ ಸಾಹೇಬರನ್ನು ಮೆತ್ತಗೆ ಗದರಿಸಿ, ಅದೇ ಡಬ್ಬಿಯೊಂದಿಗೆ ಟಾಂಗಾದಲ್ಲಿ ತೋಟಕ್ಕೆ ಹೋದ.

ಬೀಜದ ಕೋಣೆಯ ಕೀಲಿ ಸರಿಯಿತ್ತು, ಕಿಟಕಿಯ ಸರಳು ಸರಿಯಿದ್ದವು. ಉಳಿದ ಡಬ್ಬಿಗಳ ಮುದ್ರೆಯೊಂದೂ ಒಡೆದಿರಲಿಲ್ಲ. ಇಬ್ಬರು ಪಂಚರ ಮುಂದೆ ನಲವತ್ತೊಂದನೆಯ ಡಬ್ಬಿಯನ್ನು ಬಿಚ್ಚಿಸಿದಾಗ ಮೇಲೆ ಬೇವಿನ ಎಲೆ, ಅದರ ಕೆಳಗೆ ಮರಳು ತುಂಬಿ ಬಾಯಿ ಹೊಲಿದ ಎರಡು ಮಲ್‌ಮಲ್ ಚೀಲ ಸಿಕ್ಕವು. ಚೀಲಗಳನ್ನು ಎತ್ತಿದಾಗ ಡಬ್ಬಿಯ ತಳದಲ್ಲಿ ಒಂದು ಹಿಡಿ ತೊಗರಿ ಇತ್ತು. ಬಿಳಿ ಕಾಳು, ಕಣ್ಣಿನ ಸುತ್ತ ಕೆಂಪು ಗೆರೆ. ಮರಳಿನ ಒಂದು ಕಣವೂ ಅದಕ್ಕೆ ತಾಗಿರಲಿಲ್ಲ.

ಕಳ್ಳನಿಗೆ ಅವಸರವಾಗಿ ಬಿಟ್ಟು ಹೋಗಿರಬೇಕು ಎಂದ ಒಬ್ಬ ಪಂಚ. ಅಣವೀರಪ್ಪ ತಲೆಯಾಡಿಸಿದ, ಆದರೆ ಒಪ್ಪಲಿಲ್ಲ. ಕಳುವು ಮಾಡುವ ಅವಸರದಲ್ಲಿ ಯಾರು ಕೂತು ಚೀಲದ ಬಾಯಿ ಹೊಲಿಯುತ್ತಾರೆ? ಅವನೂ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನೇ. ಅವನ ತಾಯಿ ಬಿತ್ತನೆಗೆ ಬೀಜ ತೆಗೆಯುವಾಗ ಗಡಿಗೆಯ ತಳದಲ್ಲಿ ಒಂದು ಹಿಡಿ ಬಿಟ್ಟೇ ಮುಚ್ಚುತ್ತಿದ್ದಳು. ಇದು ಹೆಣ್ಣುಮಗಳ ಕೈ ಎಂದು ಅವನಿಗೆ ಅಲ್ಲೇ ಅನ್ನಿಸಿತು. ಅನ್ನಿಸಿದ್ದನ್ನು ಪಂಚನಾಮೆಯಲ್ಲಿ ಬರೆಯುವಂತಿರಲಿಲ್ಲ. ‘ತಳದಲ್ಲಿ ಒಂದು ಹಿಡಿ ಬೀಜ’ ಎಂದಷ್ಟೇ ಬರೆಸಿ, ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಮುದ್ದೆಮಾಲೆಂದು ವಶಕ್ಕೆ ತೆಗೆದುಕೊಂಡ. ಅದನ್ನಾದರೂ ಬಿತ್ತಲು ಕೊಡಿ ಎಂದು ಜಹೀರುದ್ದೀನರು ಅಂಗಲಾಚಿದರು. ಕಾಯಿದೆಯಲ್ಲಿ ಅದಕ್ಕೆ ದಾರಿ ಇರಲಿಲ್ಲ.

ವಿಚಾರಣೆಯಿಂದ ಒಂದು ಸಂಗತಿ ಗಟ್ಟಿಯಾಯಿತು. ಎಂಟು ದಿನದ ಹಿಂದೆ, ಒಂದು ಶುಕ್ರವಾರ, ಡಬ್ಬಿಗಳನ್ನೆಲ್ಲ ಅಂಗಳಕ್ಕೆ ತಂದು ಬೀಜಕ್ಕೆ ಬಿಸಿಲು ತೋರಿಸಿದ್ದರು. ತೋಟದ ಹೆಣ್ಣಾಳುಗಳು ಕಾಳು ಆರಿಸಿ, ಬೇವಿನ ಎಲೆ ಹಾಕಿ ಮತ್ತೆ ತುಂಬಿದ್ದರು. ಸಂಜೆ ಮೋಡ ಕವಿದದ್ದರಿಂದ ಜಹೀರುದ್ದೀನರು ಒಳಗೆ ನೋಡದೆ ಲಗುಬಗೆಯಿಂದ ಮುದ್ರೆ ಒತ್ತಿದ್ದರು. ಕಳುವಾಗಿದ್ದರೆ ಅಂದೇ ಆಗಬೇಕು. ಅಂದಮೇಲೆ ಮಾಲು ಗೇಟಿನಿಂದಲೇ ಹೊರಗೆ ಹೋಗಬೇಕು. ಗೇಟಿನ ಮುದಿ ಕಾವಲುಗಾರ ಅಲ್ಲಾವುದ್ದೀನ್ ಹದಿನೈದು ವರ್ಷದ ನೌಕರಿಯವನು.

“ಆ ದಿನ ಸಂಜೀಕ ಯಾರಾದ್ರೂ ಗಂಟು ತಗೊಂಡು ಹೋದ್ರೇನು?”

“ಇಲ್ರೀ ಸಾಬ್.”

“ಚೀಲ? ಬುಟ್ಟಿ?”

“ಬುಟ್ಟಿ ದಿನಾ ಝಾಡಿಸಿ ನೋಡ್ತೀನ್ರೀ. ಅವತ್ತೂ ನೋಡೀನಿ.”

“ಹಂಗಾರ ಬೀಜ ಹಾರಿ ಹೋಯ್ತೇನು?”

ಕಾವಲಿದ್ದೂ ಕಳುವಾದರೆ ಕಾವಲುಗಾರನೇ ಕಳ್ಳ ಎನ್ನುವುದು ಮೇಲಿನ ಸಾಹೇಬರ ಲೆಕ್ಕ. ಬೇಲಿಯೇ ಎದ್ದು ಹೊಲ ಮೇಯ್ದಿದೆ, ಒಳಗೆ ಹಾಕು ಎಂದು ಸಂಜೆಯೊಳಗೆ ಹುಕುಂ ಬಂತು. ಅಣವೀರಪ್ಪ ಆ ಮುದುಕನನ್ನು ಹವಾಲಾತಿಗೆ ಹಾಕಿದ. ಹಾಕಿದ್ದು ಅವನಿಗೆ ಹಿತವಾಗಲಿಲ್ಲ. ಅವನ ಮೈಗೆ ಯಾರೂ ಕೈ ಹಚ್ಚಬಾರದೆಂದು ವಹಾಬನಿಗೆ ತಾಕೀತು ಮಾಡಿದ.

ಹೆಣ್ಣಾಳುಗಳು ಐದು ಜನ. ನಾಲ್ವರು ಮರುದಿನ ಠಾಣೆಗೆ ಬಂದು, ಸೆರಗು ಹೊದ್ದು, ಏನೂ ಗೊತ್ತಿಲ್ಲ ಎಂದು ಹೇಳಿ ಹೋದರು. ಐದನೆಯವಳು ಊರೊಳಗಿನ ಗಾಜಿಪುರ ಓಣಿಯ ಹಮಾಲ ದೇವೀಂದ್ರಪ್ಪನ ಹೆಂಡತಿ ಭಾಗಮ್ಮ. ತಾಯಿ ತೀರಿಕೊಂಡಳೆಂದು ಸುದ್ದಿ ಬಂದು ತವರಿಗೆ ಹೋಗಿದ್ದಾಳೆ ಎಂದು ವಹಾಬ್ ವಿಚಾರಿಸಿಕೊಂಡು ಬಂದ. ಸಾವಿನ ಮನೆಗೆ ಹೋದವಳ ಮೇಲೆ ಅನುಮಾನ ಪಡುವುದು ಬೇಡವೆಂದು ಅಣವೀರಪ್ಪ ಆ ಹೆಸರನ್ನು ಬದಿಗಿಟ್ಟ. ತವರು ಯಾವ ಊರು ಎಂದು ಕೇಳುವುದನ್ನೂ ಮರೆತ.

ಮೂರನೆಯ ದಿನ ಸಂಜೆ ಅವನು ಮನೆಯ ಕಟ್ಟೆಯ ಮೇಲೆ ಕೂತಿದ್ದ. ವಹಾಬ್ ಬಾಗಿಲಲ್ಲಿ ನಿಂತಿದ್ದ. ಬಂದವರ ಬುಟ್ಟಿ, ಚೀಲ ನೋಡದೆ ವಹಾಬ್ ಒಬ್ಬರನ್ನೂ ಒಳಗೆ ಬಿಡುವವನಲ್ಲ. ಮೊಸರಿನವಳ ಗಡಿಗೆಯನ್ನೂ ಇಣುಕಿ ನೋಡುವ ಸಂಶಯದ ಪ್ರಾಣಿ. ಅಷ್ಟರಲ್ಲಿ ಅಮೀನನ ಹೆಂಡತಿ ವಿಮಲಾಬಾಯಿ ಪಕ್ಕದ ಮನೆಯ ಹೆಂಗಸರೊಂದಿಗೆ ಶರಣಬಸವೇಶ್ವರನ ಗುಡಿಗೆ ಹೋಗಿ ಬಂದಳು. ಅಲ್ಲಿ ಯಾರದೋ ಹರಕೆಯೆಂದು ಎಲ್ಲರಿಗೂ ಉಡಿ ತುಂಬಿದ್ದರು. ಅಕ್ಕಿ, ಕಾಯಿ, ಖಣ ತುಂಬಿದ ಸೆರಗಿನ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಆ ಹೆಂಗಸರು ಬರುತ್ತಿದ್ದಂತೆ ವಹಾಬ್ ಕಣ್ಣು ಕೆಳಗೆ ಹಾಕಿ, ಗೋಡೆಗೆ ಸರಿದು ದಾರಿ ಬಿಟ್ಟ.

ಅಣವೀರಪ್ಪ ಎದ್ದು ನಿಂತ. ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಠಾಣೆಗೆ ಹೋಗಿ ಹವಾಲಾತಿನ ಮುಂದೆ ಕೂತ.

“ಅಲ್ಲಾವುದ್ದೀನ್, ಆ ಶುಕ್ರವಾರ ಉಡಿ ತುಂಬಿಸ್ಕೊಂಡು ಯಾರಾದ್ರೂ ಹೊರಗ ಹೋದ್ರೇನು?”

“ಹೋದ್ಳ್ರೀ. ಭಾಗಮ್ಮ.”

“ಮೊದಲ ಯಾಕ ಹೇಳಲಿಲ್ಲ?”

ಮುದುಕನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಐದು ತಿಂಗಳ ಬಸುರಿ ಹೆಣ್ಮಗಳು ರೀ ಸಾಬ್. ಉಡ್ಯಾಗ ಕಾಯಿ ಇತ್ತು, ಖಣ ಇತ್ತು. ಜೋಡಿ ಕೆಲಸ ಮಾಡೋರು ಉಡಿ ತುಂಬ್ಯಾರ ಅನ್ಕೊಂಡೆ. ಹಂಗ ಹೊಂಟಾಕಿನ್ನ ನಿಲ್ಲಿಸಿ, ಒಳಗೇನದ ತೋರ್ಸು ಅಂತ ಯಾವ ಗಂಡಸು ಕೇಳ್ತಾನ್ರೀ?”

ಯಾವ ಗಂಡಸೂ ಕೇಳುವುದಿಲ್ಲ. ತಾನೇ ಆ ಗೇಟಿನಲ್ಲಿ ನಿಂತಿದ್ದರೂ ಕೇಳುತ್ತಿರಲಿಲ್ಲ ಎಂದು ಅಣವೀರಪ್ಪನಿಗೆ ಗೊತ್ತಿತ್ತು. ಭಾಗಮ್ಮನ ತವರು ಯಾವ ಊರು ಎಂದು ಈಗ ಕೇಳಿದ. ಕಮಲಾಪುರ ಎಂದ ಅಲ್ಲಾವುದ್ದೀನ್.

ಹದಿಮೂರನೆಯ ತಾರೀಖು ಬೆಳಿಗ್ಗೆ ಅಮೀನ ಮತ್ತು ವಹಾಬ್ ಮೋಟಾರಿನಲ್ಲಿ ಕಮಲಾಪುರಕ್ಕೆ ಹೋದರು. ದಾರಿಯುದ್ದಕ್ಕೂ ಹೊಲಗಳಲ್ಲಿ ಜನ ಬಿತ್ತುತ್ತಿದ್ದರು. ಬಿತ್ತುವವರ ಮುಖದಲ್ಲಿ ಬಿತ್ತನೆಯ ಹುರುಪು ಇರಲಿಲ್ಲ. ಹೋದ ವರ್ಷ ಒಣಗಿದ ತೊಗರಿಯ ಕಟ್ಟಿಗೆ ಬದುವಿನಲ್ಲಿ ಇನ್ನೂ ರಾಶಿ ಬಿದ್ದಿತ್ತು.

ಊರಿನ ಕೆಂಪುಬಾಳೆಯ ತೋಟಗಳ ಹಿಂದೆ, ಮಣ್ಣಿನ ಮಾಳಿಗೆಯ ಒಂದು ಸಣ್ಣ ಮನೆ. ಭಾಗಮ್ಮನ ತಾಯಿ ಅಂಬಮ್ಮನನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಭಾಗಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಪೊಲೀಸರನ್ನು ನೋಡಿ ಅವಳು ಹೆದರಲಿಲ್ಲ, ಎದ್ದು ಹೋಗಿ ಚಾಪೆ ತಂದು ಹಾಸಿದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಅತ್ತು ಅತ್ತು ಮುಖ ಬಾತಿತ್ತು.

“ತೊಗರಿ ನೀನ ಒಯ್ದಿಯೇನು?”

“ಹೌದ್ರೀ.”

ಇಷ್ಟು ಸುಲಭವಾಗಿ ಉತ್ತರ ಬರುತ್ತದೆಂದು ಅಣವೀರಪ್ಪ ನಿರೀಕ್ಷಿಸಿರಲಿಲ್ಲ. “ಎಲ್ಲಿ ಅದ?”

“ಉಂಡೀವ್ರೀ.”

ವಹಾಬ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಅಮೀನ ಇನ್ನೊಮ್ಮೆ ಕೇಳಿದ. ಭಾಗಮ್ಮ ಇನ್ನೊಮ್ಮೆ ಅದನ್ನೇ ಹೇಳಿದಳು. “ಉಡಿ ತುಂಬಿದ್ದು ಮಂದಿಗಿ ಕೊಡಬಾರದ್ರೀ. ಗಂಡ ಹೆಂಡ್ತಿನ ಉಣಬೇಕು. ಗಾಜಿಪುರಕ್ಕ ಹೋಗಿ ಗುಗ್ಗರಿ ಕುದಿಸಿ ಇಬ್ಬರೂ ಉಂಡೀವಿ.”

ರೋಗದ ಮಣ್ಣಿನಲ್ಲಿ ಒಂಟಿಯಾಗಿ ನಿಂತ ತೊಗರಿ, ಒಂದು ಜಿಲ್ಲೆ ಎದುರು ನೋಡುತ್ತಿದ್ದ ಬೀಜ, ಗಾಜಿಪುರದ ಒಂದು ಒಲೆಯ ಮೇಲೆ ಬೆಂದು ಹೋಗಿತ್ತು. ಅಣವೀರಪ್ಪನಿಗೆ ಸಿಟ್ಟು ಬಂತು. ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ಆಮೇಲೆ ಮೊದಲಿನಿಂದ ಹೇಳು ಎಂದ.

ಅವಳು ಹೇಳಿದಳು. ಅಂಬಮ್ಮನ ಮನೆಯಲ್ಲಿ ಆ ತೊಗರಿಬೀಜ ತಾಯಿಯಿಂದ ಮಗಳಿಗೆ ಬರುತ್ತಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಅದೇ ಬೀಜದಿಂದ ಐದು ಬೊಗಸೆ ಉಡಿ ತುಂಬಬೇಕು. ಭಾಗಮ್ಮನ ಲಗ್ನದ ವರ್ಷ, ಲಗ್ನಕ್ಕೆ ಮೊದಲು, ಕಂದಾಯದ ಗಿರ್ದಾವರ ಬೀಜದ ತೋಟಕ್ಕೆಂದು ಸರ್ಕಾರದ ಹುಕುಂ ಹಿಡಿದು ಬಂದ. ಒಂದಕ್ಕೆ ಎರಡು ಕೊಡುತ್ತೇವೆಂದು ಹೇಳಿ ಗಡಿಗೆಯನ್ನು ತಳ ಬಿಡದೆ ಬೋರಲು ಮಾಡಿಸಿಕೊಂಡು ಹೋದ. ಎರಡರಷ್ಟು ಬೀಜ ಬಂದದ್ದೂ ನಿಜವೇ. ಅದು ಬೇರೆ ಕಡೆಯ ಬೀಜ. ಬಿತ್ತಿದ ವರ್ಷವೇ ನೆಟೆ ಹತ್ತಿ ಹೋಯಿತು. ಅಂಬಮ್ಮ ಅಂಗಡಿಯ ತೊಗರಿಯಿಂದ ಮಗಳ ಉಡಿ ತುಂಬಿದಳು. ತುಂಬುವಾಗಲೇ ಅತ್ತಳಂತೆ.

ಆಮೇಲೆ ಎರಡು ಕೂಸು ಹುಟ್ಟಿ, ಎರಡೂ ತೊಟ್ಟಿಲಲ್ಲೇ ಹೋದವು. ಬರಿ ಉಡಿಯಲ್ಲಿ ಬಂದವಳು ಎಂದು ಅತ್ತೆ ಅನ್ನುತ್ತಿದ್ದಳು. ಅತ್ತೆಯ ಮಾತು ಹಾಗಿರಲಿ, ಭಾಗಮ್ಮನೂ ಅದನ್ನೇ ನಂಬಿದ್ದಳು. ಬೀಜದ ತೋಟದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ತನ್ನ ಮನೆಯ ಕಾಳನ್ನು ಕಂಡಳು. ಕೆಂಪು ಗೆರೆಯ ಕಣ್ಣು, ತಪ್ಪುವ ಹಾಗೇ ಇರಲಿಲ್ಲ. ಆ ಸಾಲಿನ ಹೂವಿಗೆಲ್ಲ ಚೀಲ ಕಟ್ಟಿದವಳು ಅವಳೇ. ಸಾಹೇಬರನ್ನು ಒಮ್ಮೆ ಕೇಳಿಯೂ ಕೇಳಿದಳು, ಐದು ಬೊಗಸೆ ಕೊಡಿ, ನಮ್ಮವ್ವ ಉಡಿ ತುಂಬಬೇಕು ಎಂದು. ಇದು ಸರ್ಕಾರದ್ದು, ಕೊಡಲಾಗದು ಎಂದ ಸಾಹೇಬರು ಬಡವಿ ಹೊಟ್ಟೆಗೆ ಕೇಳುತ್ತಿದ್ದಾಳೆಂದು ತಿಳಿದು, ತಮ್ಮ ಅಡುಗೆಮನೆಯಿಂದ ಒಂದು ಸೇರು ಬೇಳೆ ಕೊಡಿಸಿದರು. ಒಳ್ಳೆಯ ಮನುಷ್ಯರೇ. ಅವರಿಗೆ ಅರ್ಥವಾಗಲಿಲ್ಲ, ಅಷ್ಟೆ.

ಹೀಗಿರುವಾಗ ಅವಳು ಮತ್ತೆ ಬಸುರಾದಳು. ಅದೇ ಹೊತ್ತಿಗೆ, ಅಂಬಮ್ಮ ಅನ್ನ ಬಿಟ್ಟಿದ್ದಾಳೆ, ಹೆಚ್ಚು ದಿನ ಇಲ್ಲ ಎಂದು ತವರಿನಿಂದ ಸುದ್ದಿ ಬಂತು. ಆ ಉಡಿ ತುಂಬಬೇಕಾದವಳು ತಾಯಿ. ತಾಯಿ ಹೋದರೆ ತುಂಬುವ ಕೈ ಯಾವುದು? ಶುಕ್ರವಾರ ಬೀಜ ಬಿಸಿಲಿಗೆ ಬಂತು. ಮರಳಿನ ಚೀಲಗಳನ್ನು ಅವಳು ಮನೆಯಲ್ಲೇ ಹೊಲಿದು, ಕಾಯಿ ಖಣದ ಜೊತೆ ಬುಟ್ಟಿಯ ತಳದಲ್ಲಿ ತಂದಿದ್ದಳು. ಒಳಗೆ ಬರುವ ಬುಟ್ಟಿಯನ್ನು ಅಲ್ಲಾವುದ್ದೀನ್ ನೋಡುತ್ತಿರಲಿಲ್ಲ. ಮರುದಿನ ಆ ಬೀಜದೊಂದಿಗೆ ತವರಿಗೆ ಹೋಗಿ ಬಂದಳು.

“ನಿಮ್ಮವ್ವಗ ಏನಂತ ಹೇಳಿದಿ?”

“ಸರಕಾರ ತಿರುಗಿ ಕೊಟ್ಟದ ಅಂದೆ. ಕಾಳು ಕೈಯಾಗ ಹಿಡದು ನೋಡಿದ್ಳು. ಸರಕಾರಕ್ಕೂ ಒಬ್ಬ ತಾಯಿ ಇದ್ದಾಳ ಬಿಡು ಅಂದ್ಳು.” ಭಾಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಏಳಾಕ ಆಗ್ತಿರಲಿಲ್ರೀ. ನಾನs ಹಿಡದು ಕುಂದರಿಸಿದೆ. ಐದೂ ಬೊಗಸಿ ತುಂಬಿದ್ಳು.”

“ಒಂದು ಹಿಡಿ ಯಾಕ ಬಿಟ್ಟಿ?”

“ಬೀಜದ ಗಡಗಿ ಬರಿದು ಮಾಡಬಾರದ್ರೀ.”

ಅಣವೀರಪ್ಪ ಆಗ ನೆಟೆ ಹೊಲದ ಸಂಗತಿ ಹೇಳಿದ. ಆ ಸಾಲು ನಿಂತದ್ದು ಅವಳಿಗೆ ಗೊತ್ತಿತ್ತು. ಸರ್ಕಾರದ ಬಳಿ ಮೂಟೆಗಟ್ಟಲೆ ಇರಬಹುದು ಎಂದುಕೊಂಡಿದ್ದಳು. ಈಗ ಈ ಲೋಕದಲ್ಲಿ ಉಳಿದದ್ದು ಅವಳು ಬಿಟ್ಟ ಆ ಒಂದು ಹಿಡಿ ಮಾತ್ರ, ಅದೂ ಠಾಣೆಯ ಮುದ್ರೆಯೊಳಗೆ, ಎಂದು ಕೇಳಿದಾಗ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮುಂದೆ ಹೇಳಿದ್ದು ಅಮೀನನ ಕೆಲಸವಾಗಿರಲಿಲ್ಲ. ಹೇಳದೆ ಇರಲು ಅವನಿಂದ ಆಗಲಿಲ್ಲ. ಬರೆಯುವುದು ಬೇಡವೆಂದು ವಹಾಬನಿಗೆ ಸನ್ನೆ ಮಾಡಿ ಹೇಳಿದ: ಮಾಲು ಸಿಕ್ಕಿಲ್ಲ, ಒಯ್ದದ್ದನ್ನು ಕಂಡವರಿಲ್ಲ, ಉಡಿಯಲ್ಲಿ ಏನಿತ್ತೆಂದು ಅಲ್ಲಾವುದ್ದೀನ್ ನೋಡಿಲ್ಲ. ಕೋರ್ಟಿನಲ್ಲಿ ಅವಳು ಇಲ್ಲ ಅಂದರೆ ಮುಗಿಯಿತು, ಬಿಡುಗಡೆಯಾಗುತ್ತದೆ. ಆದರೆ ಮುಕದ್ದಮೆ ಮುಗಿಯಲು ದೀಪಾವಳಿ ದಾಟುತ್ತದೆ. ಅಲ್ಲಿಯವರೆಗೆ ಆ ಹಿಡಿ ಬೀಜ ಮಾಲಖಾನೆಯಲ್ಲೇ ಕೂರಬೇಕು. ಹೋದ ವರ್ಷ ಜಪ್ತಿ ಮಾಡಿಟ್ಟ ಜೋಳದ ಚೀಲದಲ್ಲಿ ಕೊನೆಗೆ ಉಳಿದದ್ದು ಹುಳದ ಹುಡಿ ಮತ್ತು ಇಲಿಯ ಹಿಕ್ಕೆ.

“ಒಪ್ಪಗೊಂಡ್ರ?”

“ಅವತ್ತೇ ಮುಗೀತದ. ಬೀಜ ಅವತ್ತೇ ತೋಟಕ್ಕ ಹೋಗ್ತದ. ನಿನಗ ಜೈಲು ಆಗ್ತದ ತಂಗಿ. ಸರಕಾರಿ ಮಾಲು. ಕೂಸು ಒಳಗ ಹುಟ್ಟಬಹುದು.”

ಭಾಗಮ್ಮ ಒಳಗೆ, ತಾಯಿ ಮಲಗುತ್ತಿದ್ದ ಮೂಲೆಯ ಕಡೆ ನೋಡಿದಳು. ಅಲ್ಲಿ ದೀಪ ಉರಿಯುತ್ತಿತ್ತು.

“ನಮ್ಮವ್ವಂದು ಅಂತ ಅದೊಂದs ಉಳದದ ಅಂದ್ರ, ಬಿತ್ತಲಿ ಬಿಡ್ರಿ,” ಅಂದಳು.

ಮಧ್ಯಾಹ್ನ ಎರಡು ಗಂಟೆಗೆ ಅಣವೀರಪ್ಪ ಅವಳನ್ನು ದಸ್ತಗಿರಿ ಮಾಡಿದ. ಬೇಡಿ ಹಾಕಲಿಲ್ಲ. ಅಂದು ಸಂಜೆಯೇ ಅಲ್ಲಾವುದ್ದೀನನ ಬಿಡುಗಡೆಯಾಯಿತು. ಭಾಗಮ್ಮನನ್ನು ನೋಡಿ ಆ ಮುದುಕ ಎದುರು ನಿಲ್ಲಲಾರದೆ ಬೇರೆ ಬಾಗಿಲಿನಿಂದ ಹೋದ.

ಹದಿನೈದನೆಯ ತಾರೀಖು ಮುನ್ಸಿಫರ ಮುಂದೆ ಅವಳು ತಪ್ಪೊಪ್ಪಿಗೆಯ ಇಕ್ಬಾಲ್ ಕೊಟ್ಟಳು. ನಾಲ್ಕು ತಿಂಗಳ ಶಿಕ್ಷೆಯಾಯಿತು. ದೇವೀಂದ್ರಪ್ಪ ಹಮಾಲಿ ಹಗ್ಗ ಹೆಗಲ ಮೇಲಿಟ್ಟುಕೊಂಡೇ ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದ. ಅವನಿಗೆ ಆ ಗುಗ್ಗರಿಯ ಕತೆ ಅಲ್ಲೇ ಗೊತ್ತಾದದ್ದು. ಮುದ್ದೆಮಾಲಿನ ಮುದ್ರೆ ಒಡೆದು ಬೀಜವನ್ನು ಜಹೀರುದ್ದೀನರ ಕೈಗೆ ಕೊಟ್ಟರು. ಬಟ್ಟೆಯನ್ನು ತಮ್ಮ ಚೀಲಕ್ಕೆ ಕೊಡವುತ್ತಿದ್ದ ಸಾಹೇಬರು ಕಟಕಟೆಯ ಕಡೆ ನೋಡಿ ನಡುವೆಯೇ ನಿಲ್ಲಿಸಿದರು. ನಾಲ್ಕು ಕಾಳು ಬಟ್ಟೆಯಲ್ಲಿ ಉಳಿದಿದ್ದವು. ಅವಳು ಕೇಳಿದ ಐದು ಬೊಗಸೆ ಯಾತಕ್ಕೆಂದು ಅವರಿಗೆ ತಿಳಿದದ್ದೂ ಆ ದಿನವೇ.

“ಎಲ್ಲಾ ತಗೋರಿ ಸಾಹೇಬ್ರ,” ಅಂದಳು ಭಾಗಮ್ಮ. “ಬಿತ್ತಾಕ ಹೊಂಟದ್ದು ಉಳಸಬಾರದು.”

ಸಾಹೇಬರು ಆ ನಾಲ್ಕು ಕಾಳನ್ನೂ ಒಂದೊಂದಾಗಿ ಆರಿಸಿಕೊಂಡರು.

ಮುಕದ್ದಮೆಯ ಕೊನೆಯ ವರದಿಯಲ್ಲಿ ಅಪರಾಧಕ್ಕೆ ಕಾರಣ ಬರೆಯಲು ಒಂದು ಗೆರೆಯಷ್ಟು ಜಾಗ. ಅಲ್ಲಿ ಸಾಮಾನ್ಯವಾಗಿ ಬರೆಯುತ್ತಿದ್ದದ್ದು ಲಾಲಸೆ, ಹಗೆ, ಹಸಿವು ಇವುಗಳಲ್ಲಿ ಒಂದು. ಅಣವೀರಪ್ಪ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ ಬಹಳ ಹೊತ್ತು ಕೂತ. ಕೊನೆಗೆ ಹಸಿವು ಎಂದು ಬರೆದ. ಅದು ನಿಜವಲ್ಲವೆಂದು ಅವನಿಗೆ ಗೊತ್ತಿತ್ತು; ಉಳಿದೆರಡು ಇನ್ನೂ ದೊಡ್ಡ ಸುಳ್ಳಾಗುತ್ತಿದ್ದವು.

ಎರಡು ತಿಂಗಳು ಕಳೆದ ಮೇಲೆ ವಿಮಲಾಬಾಯಿ ಗಂಡನನ್ನು ಕೇಳದೆಯೇ ಜೈಲಿಗೆ ಹೊರಟಳು. ಆ ಹುಡುಗಿಗೆ ಏಳು ತಿಂಗಳು ತುಂಬಿದೆ, ಸೀಮಂತದ ಕುಬಸ ಮಾಡುವವರು ಯಾರೂ ಇಲ್ಲ ಎಂದು ಅಕ್ಕಿ, ಕಾಯಿ, ಹಸಿರು ಖಣ ತೆಗೆದುಕೊಂಡು ಹೋದಳು. ಹೊತ್ತು ಇಳಿದ ಮೇಲೆ ಮರಳಿ ಬಂದು ಕಟ್ಟೆಯ ಮೇಲೆ ಗಂಡನ ಪಕ್ಕದಲ್ಲಿ ಕೂತಳು. ಉಡಿ ತುಂಬಿದೆಯಾ ಎಂದು ಅಣವೀರಪ್ಪ ಕೇಳಿದ.

“ತುಂಬಿದೆ. ತುಂಬಿದ ಮ್ಯಾಲ ಪಹರೆಯವ ಬಂದ. ಒಳಗೇನದ ನೋಡಬೇಕು, ಕಾಯದಿ ಅದ ಅಂದ. ಅಕಿ ಉಡ್ಯಾಗಿಂದೆಲ್ಲಾ ನೆಲಕ್ಕ ಸುರುವಿ ಝಾಡಿಸಿ ನೋಡಿದ.” ವಿಮಲಾಬಾಯಿ ಬಳೆ ತಿರುವಿದಳು. “ಅಕಿ ಕೆಳಗ ಕೂತು ಒಂದೊಂದs ಕಾಳು ಆರಿಸಿ ಮತ್ತ ಉಡ್ಯಾಗ ಹಾಕ್ಕೊಂಡ್ಳು. ನಾ ಹೊಂಡೂ ಮುಂದ ಒಂದs ಮಾತು ಕೇಳಿದ್ಳು.”

“ಏನಂತ?”

“ಅವ್ವನ ತೊಗರಿ ನಾಟ್ಯಾವೇನ್ರೀ ಅಂತ.”

ನಾಟಿದ್ದವು. ಹೋದ ವಾರವೇ ಅಣವೀರಪ್ಪ ತೋಟಕ್ಕೆ ಹೋಗಿ ನೋಡಿ ಬಂದಿದ್ದ. ನೆಟೆಯ ಮಣ್ಣಿನಲ್ಲೇ ಮೊಣಕಾಲೆತ್ತರ ಎದ್ದಿದ್ದವು. ಅದನ್ನು ಅವಳಿಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಅವನು ವಹಾಬನನ್ನು ಕರೆದು, ಈಗಲೇ ಜೈಲಿಗೆ ಹೋಗಿ ಹೇಳಿ ಬಾ ಎಂದು ಕಳಿಸಿದ.